ಬೆಲೆಯ ಜೊತೆಗಿರಬೇಕಾದ ಅಳತೆ

ಅಂಗಡಿಯ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು?’ ಎಂಬುದು. ಅಂಗಡಿಯವನು ಒಂದು ಸಂಖ್ಯೆಯನ್ನು ಹೇಳುತ್ತಾನೆ. ಕೇಳಿದವರಿಗೆ ಉತ್ತರ ದೊರೆತಂತಾಗುತ್ತದೆ. ಆದರೆ ದೊರೆತದ್ದು ಅರ್ಧ ಉತ್ತರ ಮಾತ್ರ. ‘ನಲವತ್ತೆರಡು ರೂಪಾಯಿ’ ಎಂಬ ಮಾತು ತಾನಾಗಿಯೇ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆ ನಲವತ್ತೆರಡು ರೂಪಾಯಿಗೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎಷ್ಟು ಬಿದ್ದಿತು ಎಂಬುದು ತಿಳಿದಾಗಲೇ ಆ ಮಾತಿಗೆ ಅರ್ಥ ಬರುತ್ತದೆ. ಬೆಲೆ ಎಂಬುದು ಒಂಟಿ ಸಂಖ್ಯೆಯಲ್ಲ. ಅದರ ಬೆನ್ನಿಗೆ ಯಾವಾಗಲೂ ಒಂದು ಅಳತೆ ಇರುತ್ತದೆ. ಅಳತೆಯನ್ನು ಮರೆತು ಬೆಲೆಯನ್ನು ಮಾತ್ರ ನೋಡುವವರು ತಮಗೆ ಅರಿವಿಲ್ಲದಂತೆಯೇ ಹೆಚ್ಚು ಹಣವನ್ನು ತೆರುತ್ತಾರೆ.

ಮಸರಕಲ್ ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿಗೆ ಸೇರಿದ ಒಂದು ಗ್ರಾಮ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ಈ ಸೀಮೆಯಲ್ಲಿ ಹತ್ತಿ, ತೊಗರಿ, ಜೋಳ ಬೆಳೆಯುತ್ತವೆ. ನೀರಾವರಿ ಇರುವ ಕಡೆ ಬತ್ತವೂ ಉಂಟು. ಮಳೆ ಕೈಕೊಟ್ಟ ವರ್ಷ ಅನೇಕ ಕುಟುಂಬಗಳು ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋಗುವುದೂ ಉಂಟು. ಇಂಥ ಊರಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಅವಳ ತಂದೆ ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿದ್ದಾನೆ. ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಸಂಜೆ ಕೂಲಿಯ ಹಣ ಕೈಗೆ ಬಂದ ಮೇಲೆ ಮಗಳು ಕಿರಾಣಿ ಅಂಗಡಿಗೆ ಓಡಬೇಕು. ಮುಂದೆ ಹೇಳುವ ಕಿರಾಣಿ ಬೆಲೆಗಳು ಲೆಕ್ಕಕ್ಕಾಗಿ ಕಲ್ಪಿಸಿದವು. ದಿನದಿನಕ್ಕೆ ಏರುತ್ತ ಇಳಿಯುತ್ತ ಹೋಗುವುದು ಬೆಲೆಯ ಸ್ವಭಾವ. ಆದರೆ ಲೆಕ್ಕದ ರೀತಿ ಮಾತ್ರ ಬದಲಾಗದು.

ಒಂದು ಸಂಜೆ ಅವಳು ತೊಗರಿಬೇಳೆಗಾಗಿ ಅಂಗಡಿಗೆ ಬಂದಳು. ಅಲ್ಲಿ ಒಂದೇ ಗುಣದ ಬೇಳೆ ಮೂರು ಬಗೆಯಲ್ಲಿ ಮಾರಾಟಕ್ಕಿದ್ದಿತು. ಚೀಲದಿಂದ ತೂಗಿ ಕೊಡುವ ಬಿಡಿ ಬೇಳೆ ಕಾಲು ಕಿಲೋಗೆ 42 ರೂಪಾಯಿ. ಅರ್ಧ ಕಿಲೋ ಪೊಟ್ಟಣಕ್ಕೆ 82 ರೂಪಾಯಿ. ಒಂದು ಕಿಲೋ ಪೊಟ್ಟಣಕ್ಕೆ 156 ರೂಪಾಯಿ. ಈ ಮೂರು ಸಂಖ್ಯೆಗಳಲ್ಲಿ ತೀರ ಚಿಕ್ಕದು 42. ನೋಡಿದೊಡನೆ ಅದೇ ಅಗ್ಗವೆಂದು ತೋರುತ್ತದೆ. ಹುಡುಗಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದಳು. ಕಾಲು ಕಿಲೋಗೆ 42 ಆದರೆ ಕಿಲೋಗೆ ಅದರ ನಾಲ್ಕರಷ್ಟು, ಎಂದರೆ 168. ಅರ್ಧ ಕಿಲೋಗೆ 82 ಆದರೆ ಕಿಲೋಗೆ 164. ಮೂರನೆಯದು ಹೇಗೂ ಕಿಲೋಗೆ 156. ಈಗ ಮೂರು ಬೆಲೆಗಳೂ ಒಂದೇ ಸಾಲಿನಲ್ಲಿ ನಿಂತವು. ಚಿಕ್ಕದಾಗಿ ಕಂಡ ಬೆಲೆಯೇ ಎಲ್ಲಕ್ಕಿಂತ ದುಬಾರಿಯದು ಎಂಬುದು ಆಗ ಹೊರಬಿದ್ದಿತು.

ಹೀಗೆ ಒಂದು ಕಿಲೋಗ್ರಾಂ, ಒಂದು ಲೀಟರ್, ಒಂದು ಮೀಟರ್ ಅಥವಾ ಒಂದು ಬಿಡಿ ವಸ್ತುವಿಗೆ ಬೀಳುವ ಬೆಲೆಗೆ ಏಕಮಾನ ಬೆಲೆ ಎಂದು ಹೆಸರು. ಅದನ್ನು ಕಂಡುಹಿಡಿಯುವ ಕ್ರಮ ಸರಳವಾದುದು. ಹೋಲಿಸಬೇಕಾದ ವಸ್ತುಗಳ ಪ್ರಮಾಣಗಳನ್ನೆಲ್ಲ ಮೊದಲು ಒಂದೇ ಮಾನಕ್ಕೆ ತರಬೇಕು. ಬಳಿಕ ಪ್ರತಿಯೊಂದರ ಬೆಲೆಯನ್ನೂ ಅದರದರ ಪ್ರಮಾಣದಿಂದ ಭಾಗಿಸಬೇಕು. ಕೊನೆಗೆ ಬಂದ ಭಾಗಲಬ್ಧಗಳನ್ನು ಹೋಲಿಸಬೇಕು. ಭಾಗಾಕಾರ ಬಲ್ಲ ಯಾವ ವಿದ್ಯಾರ್ಥಿಗೂ ಇದು ಕಷ್ಟವಲ್ಲ. ಆದರೆ ಈ ಮೂರು ಹೆಜ್ಜೆಗಳಲ್ಲಿ ಮೊದಲನೆಯದನ್ನು ಮರೆಯುವವರೇ ಹೆಚ್ಚು.

ಎಣ್ಣೆಯ ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ. ಒಂದು ಅಂಗಡಿಯಲ್ಲಿ ಒಂದು ಲೀಟರ್ ಶೇಂಗಾ ಎಣ್ಣೆಯ ಪೊಟ್ಟಣಕ್ಕೆ 150 ರೂಪಾಯಿ. ಪಕ್ಕದ ಗಿರಣಿಯಲ್ಲಿ ಅದೇ ಗುಣದ ಎಣ್ಣೆಯನ್ನು ತೂಕಕ್ಕೆ ಕೊಡುತ್ತಾರೆ. ಕಿಲೋಗೆ 160 ರೂಪಾಯಿ. ಪೊಟ್ಟಣದ ಎಣ್ಣೆ ಹತ್ತು ರೂಪಾಯಿ ಅಗ್ಗವೆಂದು ಯಾರಾದರೂ ಹೇಳಿಯಾರು. ಆದರೆ ಎಣ್ಣೆ ನೀರಿಗಿಂತ ಹಗುರವಾದ ದ್ರವ. ಅದು ನೀರಿನ ಮೇಲೆ ತೇಲುವುದೇ ಇದಕ್ಕೆ ಸಾಕ್ಷಿ. ಒಂದು ಲೀಟರ್ ನೀರು ಹೆಚ್ಚು ಕಡಿಮೆ ಒಂದು ಕಿಲೋ ತೂಗಿದರೆ, ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. 910 ಗ್ರಾಂಗೆ 150 ರೂಪಾಯಿ ಆದರೆ ಒಂದು ಕಿಲೋಗೆ ಸುಮಾರು 164 ರೂಪಾಯಿ 84 ಪೈಸೆ. ಅಗ್ಗವೆಂದು ಕಂಡದ್ದು ನಿಜವಾಗಿ ಐದು ರೂಪಾಯಿಗೆ ಸಮೀಪದಷ್ಟು ಹೆಚ್ಚಿನದು. ಲೀಟರನ್ನು ಕಿಲೋ ಜೊತೆ ನೇರವಾಗಿ ಹೋಲಿಸುವುದು ಎತ್ತನ್ನೂ ಕುರಿಯನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ.

ಈ ಲೆಕ್ಕ ಇಂದು ನಿನ್ನೆಯದಲ್ಲ. ಭಾರತದ ಗಣಿತಜ್ಞರು ಇದನ್ನು ‘ತ್ರೈರಾಶಿಕ’ ಎಂಬ ಹೆಸರಿನಿಂದ ಸಾವಿರ ವರ್ಷಗಳಿಗೂ ಹಿಂದಿನಿಂದ ಕಲಿಸುತ್ತ ಬಂದಿದ್ದಾರೆ. ತಿಳಿದ ಮೂರು ರಾಶಿಗಳಿಂದ ತಿಳಿಯದ ನಾಲ್ಕನೆಯದನ್ನು ಕಂಡುಕೊಳ್ಳುವುದೇ ತ್ರೈರಾಶಿಕ. ತಿಳಿದಿರುವ ಪ್ರಮಾಣ, ಅದಕ್ಕೆ ದೊರೆಯುವ ಫಲ ಮತ್ತು ಬೇಕಾಗಿರುವ ಇಚ್ಛೆ ಎಂಬವೇ ಆ ಮೂರು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ ಬರುತ್ತದೆ. ಮೂರು ಅಳತೆ ಕಾಳಿಗೆ 24 ನಾಣ್ಯಗಳಾದರೆ ಐದು ಅಳತೆಗೆ ಎಷ್ಟು? 24ನ್ನು 5ರಿಂದ ಗುಣಿಸಿ 3ರಿಂದ ಭಾಗಿಸಿದರೆ 40. ಇಲ್ಲಿ ಇಚ್ಛೆಯನ್ನು ‘ಒಂದು’ ಎಂದು ಇಟ್ಟುಕೊಂಡರೆ ದೊರೆಯುವ 8 ನಾಣ್ಯವೇ ಏಕಮಾನ ಬೆಲೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆ ಗ್ರಂಥ ಸಂಸ್ಕೃತದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಗಣಿತಕ್ಕೆ ‘ವ್ಯವಹಾರ’ ಎಂಬ ಮಾತನ್ನು ಸೇರಿಸಿ ಹೆಸರಿಟ್ಟದ್ದು ಗಮನಿಸತಕ್ಕ ಸಂಗತಿ. ಕೊಡುವವರಿಗೂ ಕೊಳ್ಳುವವರಿಗೂ ಲೆಕ್ಕ ತಿಳಿದಿರಬೇಕೆಂಬುದು ಈ ನಾಡಿನ ಹಳೆಯ ತಿಳಿವಳಿಕೆ.

ಲೆಕ್ಕದ ರೀತಿ ಹಳೆಯದಾದರೂ ಅದನ್ನು ಹಾಕುವುದು ಹಿಂದಿನವರಿಗೆ ಇಂದಿನಷ್ಟು ಸುಲಭವಾಗಿರಲಿಲ್ಲ. ಕನ್ನಡ ಶಾಸನಗಳಲ್ಲಿ ಮಾನ, ಸೊಲಿಗೆ, ಬಳ್ಳ, ಕೊಳಗ, ಖಂಡುಗ ಮೊದಲಾದ ಅಳತೆಗಳು ಬರುತ್ತವೆ. ಇವು ಸೀಮೆಯಿಂದ ಸೀಮೆಗೆ ಬೇರೆಬೇರೆಯಾಗಿದ್ದವು. ಇತ್ತೀಚಿನ ಕಾಲಕ್ಕೆ ಬಂದರೆ, ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಅಲ್ಲಿ ನಿಜಾಮ ಸರ್ಕಾರದ ‘ಹಾಲಿ ಸಿಕ್ಕಾ’ ರೂಪಾಯಿ ಒಂದು, ಬ್ರಿಟಿಷ್ ಸರ್ಕಾರದ ‘ಕಲ್ದಾರ’ ರೂಪಾಯಿ ಇನ್ನೊಂದು. ಏಳು ಹಾಲಿ ರೂಪಾಯಿಗಳಿಗೆ ಆರು ಕಲ್ದಾರ ರೂಪಾಯಿಗಳು ಸಮ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ತೂಕದಲ್ಲಿ ಮಣಕ್ಕೆ ನಲವತ್ತು ಸೇರು, ಸೇರಿಗೆ ಹದಿನಾರು ಚಟಾಕು. ಅದರ ಮೇಲೆ ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ.

ಅಂದಿನ ಒಬ್ಬ ಗೃಹಿಣಿ ಮೂರು ಸೇರು ಎರಡು ಚಟಾಕು ಬೇಳೆಯನ್ನು ಎರಡು ರೂಪಾಯಿ ಐದು ಆಣೆಗೆ ಕೊಂಡಳೆಂದು ಭಾವಿಸಿದರೆ, ಸೇರಿಗೆ ಎಷ್ಟು ಬಿದ್ದಿತು? ಸೇರುಗಳನ್ನು ಚಟಾಕು ಮಾಡಿದರೆ 50. ರೂಪಾಯಿಗಳನ್ನು ಆಣೆ ಮಾಡಿದರೆ 37. ಮೂವತ್ತೇಳನ್ನು ಐವತ್ತರಿಂದ ಭಾಗಿಸಿ ಹದಿನಾರರಿಂದ ಗುಣಿಸಬೇಕು. ಉತ್ತರ ಸುಮಾರು ಹನ್ನೊಂದು ಆಣೆ ಹತ್ತು ಪೈ. ಅದು ಹಾಲಿ ಸಿಕ್ಕಾದ ಬೆಲೆಯೋ ಕಲ್ದಾರದ ಬೆಲೆಯೋ ಎಂಬ ಪ್ರಶ್ನೆ ಆಮೇಲಿನದು. ಇಂಥ ಲೆಕ್ಕವನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಮಾಡಬಲ್ಲವರು ವಿರಳ. ಅಕ್ಷರ ಬಾರದ ಕೂಲಿಕಾರರಂತೂ ಅಂಗಡಿಯವನ ಬಾಯಿಮಾತನ್ನೇ ನಂಬಬೇಕಾಗಿದ್ದಿತು. ಕಠಿಣವಾದ ಅಳತೆಯು ಲೆಕ್ಕ ಬಲ್ಲವನಿಗೆ ಬಲವನ್ನೂ, ಲೆಕ್ಕ ಬಾರದವನಿಗೆ ನಷ್ಟವನ್ನೂ ತರುತ್ತಿದ್ದಿತು.

ಸ್ವತಂತ್ರ ಭಾರತದಲ್ಲಿ ಈ ಗೋಜಲನ್ನು ಬಿಡಿಸುವ ಕೆಲಸ ನಡೆಯಿತು. 1957ರ ಏಪ್ರಿಲ್ 1ರಿಂದ ಒಂದು ರೂಪಾಯಿಗೆ ನೂರು ನಯಾ ಪೈಸೆ ಎಂಬ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣಗಳ ಕಾಯಿದೆ ಅಂಗೀಕಾರವಾಯಿತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದು, 1962ರ ಏಪ್ರಿಲ್ 1ರಿಂದ ದೇಶದಾದ್ಯಂತ ಕಡ್ಡಾಯವಾದುವು. ಹಣವೂ ನೂರರ ಲೆಕ್ಕ, ತೂಕವೂ ಸಾವಿರದ ಲೆಕ್ಕ. ಹತ್ತರಿಂದ ಗುಣಿಸುವುದು, ಹತ್ತರಿಂದ ಭಾಗಿಸುವುದು ಬಿಂದುವನ್ನು ಅತ್ತಿತ್ತ ಸರಿಸುವಷ್ಟು ಸುಲಭ. ಮಸರಕಲ್ಲಿನ ಹುಡುಗಿ ಅಂಗಡಿಯ ಮುಂದೆ ನಿಂತು ಕ್ಷಣಾರ್ಧದಲ್ಲಿ ಲೆಕ್ಕ ಹಾಕಿದಳೆಂದರೆ ಅದರ ಹಿಂದೆ ಈ ಸುಧಾರಣೆಯ ಫಲವಿದೆ.

ಆದರೆ ಸಂತೆಯ ತಕ್ಕಡಿಯ ಜಾಗಕ್ಕೆ ಕಾರ್ಖಾನೆಯ ಪೊಟ್ಟಣ ಬಂದ ಮೇಲೆ ಹೊಸ ತೊಡಕೊಂದು ಹುಟ್ಟಿತು. ತಕ್ಕಡಿಯಲ್ಲಿ ತೂಗುವಾಗ ಮುಳ್ಳು ಕಣ್ಣಿಗೆ ಕಾಣುತ್ತದೆ. ಪೊಟ್ಟಣದೊಳಗೆ ಎಷ್ಟಿದೆ ಎಂಬುದು ಕಾಣುವುದಿಲ್ಲ. ಆದಕಾರಣ ಪೊಟ್ಟಣದ ಮೇಲೆ ನಿವ್ವಳ ತೂಕ, ಬೆಲೆ, ತಯಾರಕರ ಹೆಸರು ಮೊದಲಾದ ವಿವರಗಳನ್ನು ಮುದ್ರಿಸಬೇಕೆಂದು 1977ರಲ್ಲಿ ನಿಯಮಗಳಾದುವು. ಈಗ ಈ ವಿಷಯಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಮತ್ತು 2011ರ ಪೊಟ್ಟಣ ಸರಕುಗಳ ನಿಯಮಗಳು ಆಧಾರವಾಗಿವೆ. ಚಹಾ, ಬಿಸ್ಕತ್ತು, ಖಾದ್ಯ ತೈಲ, ಬೇಳೆಕಾಳು, ಸಾಬೂನು ಮೊದಲಾದ ಹತ್ತೊಂಬತ್ತು ಬಗೆಯ ಸರಕುಗಳನ್ನು ಗೊತ್ತುಪಡಿಸಿದ ಅಳತೆಗಳಲ್ಲಿಯೇ ಪೊಟ್ಟಣ ಕಟ್ಟಬೇಕೆಂಬ ನಿಬಂಧನೆಯೂ ಈ ನಿಯಮಗಳಲ್ಲಿದ್ದಿತು. ಎಲ್ಲರೂ ನೂರು ಗ್ರಾಂ ಪೊಟ್ಟಣವನ್ನೇ ಮಾರಿದರೆ ಬೆಲೆಗಳನ್ನು ಹಾಗೆಯೇ ಹೋಲಿಸಬಹುದು. 2021ರ ನವೆಂಬರ್‌ನಲ್ಲಿ ಹೊರಡಿಸಿದ ತಿದ್ದುಪಡಿಯಿಂದ ಆ ನಿಬಂಧನೆಯನ್ನು ತೆಗೆದುಹಾಕಲಾಯಿತು. ಈಗ ತಯಾರಕರು 87 ಗ್ರಾಂ, 135 ಗ್ರಾಂ, ಹೀಗೆ ಯಾವ ಅಳತೆಯಲ್ಲಾದರೂ ಪೊಟ್ಟಣ ಕಟ್ಟಬಹುದು. ಇದಕ್ಕೆ ಬದಲಾಗಿ ಪೊಟ್ಟಣದ ಮೇಲೆ ಏಕಮಾನ ಬೆಲೆಯನ್ನು ಮುದ್ರಿಸಬೇಕೆಂದು ಅದೇ ತಿದ್ದುಪಡಿ ವಿಧಿಸಿತು. ಐರೋಪ್ಯ ಒಕ್ಕೂಟದ ದೇಶಗಳಿಗೆ 1998ರಲ್ಲಿಯೂ ಆಸ್ಟ್ರೇಲಿಯದ ದೊಡ್ಡ ಅಂಗಡಿಗಳಿಗೆ 2009ರಲ್ಲಿಯೂ ಇಂಥ ನಿಯಮವನ್ನು ಮಾಡಲಾಗಿದ್ದಿತು.

ಪೊಟ್ಟಣದ ಮೇಲೆಯೇ ಲೆಕ್ಕ ಅಚ್ಚಾಗಿದ್ದರೆ ವಿದ್ಯಾರ್ಥಿ ಮತ್ತೆ ಲೆಕ್ಕ ಹಾಕಬೇಕೆ ಎಂದು ಯಾರಾದರೂ ಕೇಳಬಹುದು. ಹಾಕಲೇಬೇಕು. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲಿಯೂ, ಹೆಚ್ಚಿನ ತೂಕದ ಪೊಟ್ಟಣಕ್ಕೆ ಕಿಲೋ ಲೆಕ್ಕದಲ್ಲಿಯೂ ಏಕಮಾನ ಬೆಲೆಯನ್ನು ಕೊಡುವುದು ನಿಯಮ. ಆದ್ದರಿಂದ ಒಂದರ ಮೇಲೆ ಪೈಸೆಗಳೂ ಇನ್ನೊಂದರ ಮೇಲೆ ನೂರಾರು ರೂಪಾಯಿಗಳೂ ಕಾಣುತ್ತವೆ; ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸದೆ ಹೋಲಿಕೆ ಸಾಧ್ಯವಿಲ್ಲ. ಇದಲ್ಲದೆ ಆ ಬೆಲೆಯನ್ನು ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಲಾಗುತ್ತದೆ. ಅರ್ಧ ಕಿಲೋ ಬೇಳೆಗೆ 82 ರೂಪಾಯಿ ಆದರೆ ಗ್ರಾಂಗೆ 0.164 ರೂಪಾಯಿ. ಪೊಟ್ಟಣದ ಮೇಲೆ ಅಚ್ಚಾಗುವುದು 0.16 ಮಾತ್ರ. ಸಾವಿರದಿಂದ ಗುಣಿಸಿದರೆ ಕಿಲೋಗೆ 160 ಎಂದು ತೋರುತ್ತದೆ; ನಿಜವಾದ ಬೆಲೆ 164. ಮೂರನೆಯ ದಶಮಾಂಶ ಸ್ಥಾನದಲ್ಲಿ ಬಿಟ್ಟದ್ದು ಕಿಲೋ ಲೆಕ್ಕಕ್ಕೆ ಬಂದಾಗ ನಾಲ್ಕು ರೂಪಾಯಿಯಾಗಿ ಎದುರು ನಿಲ್ಲುತ್ತದೆ. ಮೇಲಾಗಿ ಅಚ್ಚಾದ ಬೆಲೆ ಗರಿಷ್ಠ ಚಿಲ್ಲರೆ ಬೆಲೆ ಮಾತ್ರ. ಅಂಗಡಿಯವನು ಅದಕ್ಕಿಂತ ಕಡಿಮೆಗೆ ಮಾರಿದರೆ ಅಚ್ಚಾದ ಏಕಮಾನ ಬೆಲೆ ಆ ದಿನದ ವ್ಯಾಪಾರಕ್ಕೆ ಹೊಂದುವುದಿಲ್ಲ. ಕೊಟ್ಟ ಹಣ ಮತ್ತು ಬಂದ ತೂಕ, ಇವೆರಡರಿಂದ ತಾನೇ ಹಾಕಿದ ಲೆಕ್ಕವೇ ಕೊನೆಗೂ ನಂಬಿಕೆಗೆ ಯೋಗ್ಯ.

ಬಂದ ತೂಕ ಎಂಬ ಮಾತನ್ನೂ ಇಲ್ಲಿ ಗಮನಿಸಬೇಕು. ಕಾಲು ಕಿಲೋ ಎಂದು ಕೊಟ್ಟ ಬೇಳೆ ನಿಜವಾಗಿ 240 ಗ್ರಾಂ ಇದ್ದರೆ, 42 ರೂಪಾಯಿಯ ಆ ಬೇಳೆಯ ಬೆಲೆ ಕಿಲೋಗೆ 168 ಆಗದೆ 175 ಆಗುತ್ತದೆ. ಹತ್ತು ಗ್ರಾಂಗಳ ಕೊರತೆ ಏಳು ರೂಪಾಯಿಯ ಏರಿಕೆಗೆ ಸಮ. ಇದಕ್ಕಾಗಿಯೇ ವ್ಯಾಪಾರಿಗಳ ತೂಕದ ಕಲ್ಲುಗಳನ್ನೂ ತಕ್ಕಡಿಗಳನ್ನೂ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಬಳಕೆದಾರರ ಹಕ್ಕುಗಳನ್ನು ಕಾಯಲು 1986ರಲ್ಲಿ ಕಾಯಿದೆಯಾಯಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಏಕಮಾನ ಬೆಲೆಯನ್ನು ಅರಿತವರಿಗೆ ಅನೇಕ ತಪ್ಪು ನಂಬಿಕೆಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದು ಅಂಥ ಒಂದು ನಂಬಿಕೆ. ಬೇಳೆಯಲ್ಲಿ ಅದು ನಿಜವಾಯಿತು. ಆದರೆ ಶಾಂಪೂವಿನಲ್ಲಿ ಅನೇಕ ವೇಳೆ ತಿರುಗುಮುರುಗು. 6 ಮಿಲಿಲೀಟರಿನ ಚೀಟಿಗೆ ಒಂದು ರೂಪಾಯಿಯಾದರೆ ಮಿಲಿಲೀಟರಿಗೆ ಸುಮಾರು 17 ಪೈಸೆ; 180 ಮಿಲಿಲೀಟರಿನ ಬಾಟಲಿಗೆ 108 ರೂಪಾಯಿಯಾದರೆ ಮಿಲಿಲೀಟರಿಗೆ 60 ಪೈಸೆ. ಇಲ್ಲಿ ಚಿಕ್ಕದೇ ಅಗ್ಗ. ಆದುದರಿಂದ ದೊಡ್ಡದು, ಚಿಕ್ಕದು ಎಂಬ ಕಣ್ಣಳತೆಯನ್ನು ಬಿಟ್ಟು ಭಾಗಾಕಾರವನ್ನೇ ನಂಬಬೇಕು.

ಬೆಲೆ ಬದಲಾಗದಿದ್ದರೆ ವಸ್ತು ತುಟ್ಟಿಯಾಗಿಲ್ಲ ಎಂಬುದು ಇನ್ನೊಂದು ನಂಬಿಕೆ. ಐದು ರೂಪಾಯಿಯ ಪೊಟ್ಟಣದಲ್ಲಿ ಮೊದಲು 50 ಗ್ರಾಂ ಬಿಸ್ಕತ್ತು ಇದ್ದು ಈಗ 40 ಗ್ರಾಂ ಇದ್ದರೆ, ನೂರು ಗ್ರಾಂ ಬೆಲೆ ಹತ್ತು ರೂಪಾಯಿಯಿಂದ ಹನ್ನೆರಡೂವರೆಗೆ ಏರಿದೆ ಎಂದೇ ಅರ್ಥ. ಬೆಲೆ ಏರಿದರೆ ಜನ ಗೊಣಗುತ್ತಾರೆ. ತೂಕ ಇಳಿದರೆ ಅದು ಅವರ ಗಮನಕ್ಕೇ ಬಾರದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ರೈತರು ಕೊಳ್ಳುವ ಯೂರಿಯಾ ಗೊಬ್ಬರದ ಚೀಲ ಮೊದಲು 50 ಕಿಲೋ ಇದ್ದಿತು. ಬೇವಿನ ಲೇಪನದ ವೆಚ್ಚ ಮತ್ತು ತೆರಿಗೆಗಳನ್ನು ಬಿಟ್ಟು ಅದರ ಬೆಲೆ 268 ರೂಪಾಯಿ. 2018ರ ಮಾರ್ಚ್‌ನಿಂದ 45 ಕಿಲೋ ಚೀಲ ಬಂದಿತು. ಅದರ ಬೆಲೆ 242 ರೂಪಾಯಿ. ಚೀಲ ಚಿಕ್ಕದಾದುದನ್ನು ಕಂಡು ಮೋಸವಾಯಿತೆಂದು ಯಾರಾದರೂ ಭಾವಿಸಬಹುದು. ಕಿಲೋ ಲೆಕ್ಕ ಹಾಕಿದರೆ ಮೊದಲಿನ ಬೆಲೆ 5 ರೂಪಾಯಿ 36 ಪೈಸೆ, ಈಗಿನದು ಸುಮಾರು 5 ರೂಪಾಯಿ 38 ಪೈಸೆ. ಬೆಲೆ ಹೆಚ್ಚುಕಡಿಮೆ ಅಷ್ಟೇ ಇದೆ. ಮೋಸವನ್ನು ಬಯಲಿಗೆಳೆಯುವ ಲೆಕ್ಕವೇ ತಪ್ಪು ಸಂಶಯವನ್ನೂ ದೂರಮಾಡುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಮಸರಕಲ್ಲಿನ ಹುಡುಗಿ ಮನೆಯ ಲೆಕ್ಕವನ್ನೇ ಹಿಡಿದಳು. ಮನೆಗೆ ಒಂದು ದಿನ ಬಿಟ್ಟು ಒಂದು ದಿನ ಹತ್ತು ರೂಪಾಯಿಯ 25 ಗ್ರಾಂ ಚಹಾಪುಡಿ ಬರುತ್ತಿದ್ದಿತು. ಎರಡು ತಿಂಗಳಿಗೆ ಮೂವತ್ತು ಪೊಟ್ಟಣ, 300 ರೂಪಾಯಿ. ಅಷ್ಟೇ ಪುಡಿಯನ್ನು 85 ರೂಪಾಯಿಯ 250 ಗ್ರಾಂ ಪೊಟ್ಟಣಗಳಲ್ಲಿ ತಂದರೆ ಮೂರು ಸಾಕು, 255 ರೂಪಾಯಿ. ಉಳಿತಾಯ 45 ರೂಪಾಯಿ, ವರ್ಷಕ್ಕೆ 270. ತಿಂಗಳಿಗೆ ಎರಡೂವರೆ ಕಿಲೋ ಬೇಳೆಯನ್ನು ಕಾಲು ಕಿಲೋ ಲೆಕ್ಕದಲ್ಲಿ ತರುವ ಬದಲು ಕಿಲೋ ಬೆಲೆಗೆ ತಂದರೆ 30 ರೂಪಾಯಿ ಉಳಿತಾಯ; ವರ್ಷಕ್ಕೆ 360. ಎರಡೂ ಸೇರಿ 630 ರೂಪಾಯಿ. ಅವಳ ಮತ್ತು ಅವಳ ತಮ್ಮನ ವರ್ಷದ ನೋಟುಪುಸ್ತಕಗಳಿಗೆ ಆ ಹಣ ಸಾಕಾಗುತ್ತಿದ್ದಿತು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಅವಳು ಅಂಕಿಗಳಲ್ಲಿ ಕಂಡಳು. ಉತ್ಸಾಹದಿಂದ ಲೆಕ್ಕದ ಹಾಳೆಯನ್ನು ತಾಯಿಯ ಮುಂದಿಟ್ಟಳು.

“ಯವ್ವಾ, ದೊಡ್ಡ ಪೊಟ್ಟಣ ತಂದ್ರ ವರ್ಷಕ್ಕ ಆರುನೂರಾ ಮೂವತ್ತು ರೂಪಾಯಿ ಉಳೀತಾವ ನೋಡು.”

ತಾಯಿ ಹಾಳೆಯನ್ನು ನೋಡಿದಳು. ಅವಳ ಸೆರಗಿನ ಗಂಟಿನಲ್ಲಿ ಅಂದು ನೂರು ರೂಪಾಯಿ ಇದ್ದಿತು.

“ಉಳೀತಾವ, ಖರೆ ಐತಿ. ಆದ್ರ ಮಗಳೇ, ಇವತ್ತ ಕೈಯಾಗ ಇರೋದು ನೂರು ರೂಪಾಯಿ. ಎಂಬತ್ತೈದು ಚಹಾಪುಡಿಗೇ ಕೊಟ್ರ ಬ್ಯಾಳಿಗಿ ಏನ್ ಕೊಡ್ಲಿ?”

ಹುಡುಗಿಯ ಬಳಿ ಉತ್ತರವಿರಲಿಲ್ಲ. ಅವಳ ಭಾಗಾಕಾರದಲ್ಲಿ ತಪ್ಪಿರಲಿಲ್ಲ. ತಾಯಿಯ ಮಾತಿನಲ್ಲಿಯೂ ತಪ್ಪಿರಲಿಲ್ಲ. ತಿಂಗಳ ಸಂಬಳ ಪಡೆಯುವವರು ದೊಡ್ಡ ಪೊಟ್ಟಣವನ್ನು ಕೊಂಡು ಕಡಿಮೆ ದರವನ್ನು ತೆರುತ್ತಾರೆ. ದಿನಗೂಲಿಯವರು ಅಂದಂದಿಗೆ ಬೇಕಾದಷ್ಟನ್ನೇ ಕೊಂಡು ಹೆಚ್ಚಿನ ದರವನ್ನು ತೆರುತ್ತಾರೆ. ಯಾರ ಬಳಿ ಹಣ ಕಡಿಮೆಯೋ ಅವರೇ ಅದೇ ಬೇಳೆಗೆ ಹೆಚ್ಚು ಕೊಡಬೇಕಾಗುತ್ತದೆ. ಬಡತನಕ್ಕೂ ಒಂದು ಬೆಲೆ ಇದೆ. ಅದನ್ನು ತೆರುವವರು ಬಡವರೇ. ಆ ಬೆಲೆ ಯಾವ ಪೊಟ್ಟಣದ ಮೇಲೆಯೂ ಅಚ್ಚಾಗಿರುವುದಿಲ್ಲ. ಏಕಮಾನ ಬೆಲೆಯ ಲೆಕ್ಕ ಹಾಕಿದವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ.

ಇದರಲ್ಲಿ ಅಂಗಡಿಯವನ ತಪ್ಪೆಂದು ಹೇಳುವುದೂ ನ್ಯಾಯವಲ್ಲ. ಒಂದು ಚೀಲ ಬೇಳೆಯನ್ನು ನಾಲ್ಕು ಗಿರಾಕಿಗಳಿಗೆ ಮಾರುವುದಕ್ಕೂ ನೂರಾರು ಗಿರಾಕಿಗಳಿಗೆ ತೂಗಿ, ಕಟ್ಟಿ, ಚಿಲ್ಲರೆ ಎಣಿಸಿ ಕೊಡುವುದಕ್ಕೂ ಅವನ ಶ್ರಮ ಒಂದೇ ಅಲ್ಲ. ತೂಗುವಾಗ ಚೆಲ್ಲಿದ್ದು, ಇಲಿ ತಿಂದದ್ದು ಅವನ ಪಾಲಿಗೆ. ಕಷ್ಟಕಾಲದಲ್ಲಿ ಊರಿನವರಿಗೆ ಉದ್ರಿ ಕೊಡುವವನೂ ಅವನೇ. ಆ ಅನುಕೂಲದ ಬೆಲೆಯೂ ಬಿಡಿ ದರದಲ್ಲಿ ಸೇರಿರುತ್ತದೆ. ದೂರದ ಪೇಟೆಯಲ್ಲಿ ಬೇಳೆ ಕಿಲೋಗೆ ಆರು ರೂಪಾಯಿ ಕಡಿಮೆ ಇದೆಯೆಂದು ಒಂದು ಕಿಲೋ ತರಲು ನಲವತ್ತು ರೂಪಾಯಿ ಬಸ್ಸಿಗೆ ಕೊಟ್ಟರೆ ಅದನ್ನು ಉಳಿತಾಯವೆನ್ನಲಾಗದು. ಅಗ್ಗವೆಂದು ತಂದ ದೊಡ್ಡ ಪೊಟ್ಟಣದ ಅರ್ಧ ಭಾಗಕ್ಕೆ ಹುಳು ಬಿದ್ದರೆ ಉಳಿದ ಅರ್ಧದ ಬೆಲೆ ಇಮ್ಮಡಿಯಾದಂತೆ. ಏಕಮಾನ ಬೆಲೆ ಒಳ್ಳೆಯ ಸಲಹೆಗಾರ. ಆದರೆ ಮನೆಯ ಯಜಮಾನನಲ್ಲ. ಗುಣ, ಅಗತ್ಯ, ಕೈಯಲ್ಲಿರುವ ಹಣ, ಇಡುವ ಜಾಗ ಇವುಗಳನ್ನೂ ಕೇಳಿಯೇ ತೀರ್ಮಾನಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಇದನ್ನೇ.

ಆದರೂ ಲೆಕ್ಕ ಅಲ್ಲಿಗೆ ಮುಗಿಯಬೇಕಾಗಿಲ್ಲ. ಹುಡುಗಿ ಎರಡು ದಿನ ಯೋಚಿಸಿ ಮತ್ತೆ ತಾಯಿಯ ಬಳಿಗೆ ಬಂದಳು. ತಮ್ಮ ಓಣಿಯಲ್ಲಿ ಕೂಲಿಗೆ ಹೋಗುವ ಮನೆಗಳು ನಾಲ್ಕಿವೆ. ನಾಲ್ಕು ಮನೆಯವರೂ ಒಂದೇ ಸಂಜೆ ಕಾಲು ಕಿಲೋ ಬೇಳೆ ಕೊಳ್ಳುತ್ತಾರೆ. ಪ್ರತಿಯೊಬ್ಬರೂ 42 ರೂಪಾಯಿ ಕೊಡುತ್ತಾರೆ. ನಾಲ್ವರೂ 39 ರೂಪಾಯಿ ಕೂಡಿಸಿದರೆ 156 ಆಗುತ್ತದೆ. ಒಂದು ಕಿಲೋ ಪೊಟ್ಟಣ ತಂದು ಸಮನಾಗಿ ಹಂಚಿಕೊಂಡರೆ ಪ್ರತಿ ಮನೆಗೂ ಅದೇ ಕಾಲು ಕಿಲೋ, ಮೂರು ರೂಪಾಯಿ ಕಡಿಮೆಗೆ. ಯಾರೂ ಅಂದಿನ ಕೂಲಿಗಿಂತ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಒಬ್ಬಳಿಗೆ ಅಸಾಧ್ಯವಾದದ್ದು ನಾಲ್ವರಿಗೆ ಸಾಧ್ಯವಾಯಿತು. ಕರ್ನಾಟಕದಲ್ಲಿ 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ಸಣ್ಣ ಉಳಿತಾಯವನ್ನು ಒಟ್ಟುಗೂಡಿಸಿ ಸಾಲಕ್ಕೆ ಆಧಾರ ಮಾಡಿಕೊಂಡದ್ದು ಇದೇ ತತ್ತ್ವದ ಮೇಲೆ. ಕೊಳ್ಳುವುದರಲ್ಲಿಯೂ ಅದೇ ತತ್ತ್ವ ಸಲ್ಲುತ್ತದೆ.

ತಾಯಿ ಈ ಬಾರಿ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಅಕ್ಷರ ಬಾರದ ಅವಳಿಗೆ ಅಂಕಿಗಳ ಗುರುತು ಇದ್ದಿತು. ನಲವತ್ತೆರಡು ಮತ್ತು ಮೂವತ್ತೊಂಬತ್ತನ್ನು ಬೆರಳಿಟ್ಟು ನೋಡಿ, “ಬಾಜೂ ಮನಿ ಅಕ್ಕನ್ನ ಕರಿ. ಆಕಿಗೂ ಹೇಳೋಣು” ಎಂದಳು.

ಶಾಲೆಯಲ್ಲಿ ಕಲಿತ ಭಾಗಾಕಾರ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅಂಕ ತರುತ್ತದೆ. ಅದೇ ಭಾಗಾಕಾರ ಅಂಗಡಿಯ ಕಟ್ಟೆಯನ್ನು ಹತ್ತಿದಾಗ ಮನೆಯ ಕೂಳನ್ನು ಕಾಯುತ್ತದೆ. ‘ಎಷ್ಟು?’ ಎಂದು ಕೇಳುವುದನ್ನು ಎಲ್ಲರೂ ಬಲ್ಲರು. ‘ಎಷ್ಟಕ್ಕೆ ಎಷ್ಟು?’ ಎಂದು ಕೇಳುವವರು ಲೆಕ್ಕವನ್ನೂ ಬಲ್ಲರು, ತಮ್ಮ ಹಕ್ಕನ್ನೂ ಬಲ್ಲರು.

ಅಭ್ಯಾಸ

1. ಬೆಲೆಗೆ ಅಳತೆಯ ಜೊತೆ ಏಕೆ ಬೇಕು? ತೊಗರಿಬೇಳೆಯ ಉದಾಹರಣೆಯಿಂದ ವಿವರಿಸಿರಿ.

2. ತ್ರೈರಾಶಿಕ ಎಂದರೇನು? ಅದಕ್ಕೂ ಏಕಮಾನ ಬೆಲೆಗೂ ಇರುವ ಸಂಬಂಧವನ್ನು ತಿಳಿಸಿರಿ.

3. ಪೊಟ್ಟಣದ ಮೇಲೆ ಏಕಮಾನ ಬೆಲೆ ಅಚ್ಚಾಗಿದ್ದರೂ ಕೊಳ್ಳುವವರು ತಾವೇ ಲೆಕ್ಕ ಹಾಕಬೇಕು. ಏಕೆ?

4. ‘ಬಡತನಕ್ಕೂ ಒಂದು ಬೆಲೆ ಇದೆ.’ ಈ ಮಾತನ್ನು ತಾಯಿ ಮಗಳ ಸಂಭಾಷಣೆಯ ಆಧಾರದಿಂದ ಸಮರ್ಥಿಸಿರಿ.

5. 200 ಗ್ರಾಂ ಸಾಬೂನಿನ ಪುಡಿಗೆ 24 ರೂಪಾಯಿ, 750 ಗ್ರಾಂಗೆ 87 ರೂಪಾಯಿ. ಯಾವುದು ಅಗ್ಗ? ಕಿಲೋಗೆ ವ್ಯತ್ಯಾಸ ಎಷ್ಟು?

6. ನಿಮ್ಮ ಮನೆಗೆ ಒಂದು ವಾರದಲ್ಲಿ ಬಂದ ಐದು ವಸ್ತುಗಳ ತೂಕವನ್ನೂ ಬೆಲೆಯನ್ನೂ ಬರೆದಿಟ್ಟು, ಅವುಗಳ ಏಕಮಾನ ಬೆಲೆಯನ್ನು ಕಂಡುಹಿಡಿಯಿರಿ. ಅದನ್ನು ಮನೆಯ ಹಿರಿಯರಿಗೆ ಓದಿ ಹೇಳಿರಿ.